ಸರ್ಕಾರಿ ತಪಾಸಣೆ ಆದ ಮೇಲೆ ಗಾಳಿ ನಿಜಕ್ಕೂ ಸುಧಾರಿಸಿತಾ? ನೀವೇ ಲೆಕ್ಕ ಹಾಕಿ ನೋಡುವುದು ಹೀಗೆ

ಪರಿಸರ ಇಲಾಖೆಯ ತಂಡ ನಗರಕ್ಕೆ ಬರುತ್ತದೆ. ಇಷ್ಟು ಕಾರ್ಖಾನೆಗೆ ನೋಟಿಸ್, ಇಷ್ಟಕ್ಕೆ ಬೀಗ, ಇಷ್ಟು ದಂಡ ಅಂತ ಮಾರನೇ ದಿನ ಸುದ್ದಿ ಬರುತ್ತದೆ. ತಿಂಗಳು ಕಳೆದ ಮೇಲೆ 'ತಪಾಸಣೆಯಿಂದ ಗಾಳಿ ಸುಧಾರಿಸಿದೆ' ಅಂತ ಇನ್ನೊಂದು ಹೇಳಿಕೆ. ನಂಬಬೇಕಾ, ಬೇಡವಾ? ಕಣ್ಣು ಮುಚ್ಚಿ ನಂಬುವುದೂ ಬೇಡ, 'ಇವರದ್ದೆಲ್ಲಾ ಇಷ್ಟೇ' ಅಂತ ಸುಮ್ನೆ ಕೂರುವುದೂ ಬೇಡ. ಲೆಕ್ಕ ಹಾಕಿ ನೋಡಿ. ಬೇಕಾದ ಅಂಕಿಅಂಶ ಬಹುಪಾಲು ಉಚಿತವಾಗಿ ಸಿಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಸರಾಸರಿ ತೆಗೆಯಲು ಬಂದರೆ ಸಾಕು, ಮಿಕ್ಕಿದ್ದು ತಾಳ್ಮೆಯ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಪಾಸಣೆ ಕೆಲಸ ಮಾಡಿತೋ ಇಲ್ಲವೋ ಅನ್ನುವುದು ಎಷ್ಟು ಬೀಗ ಬಿದ್ದವು ಅನ್ನುವುದರಿಂದ ಗೊತ್ತಾಗುವುದಿಲ್ಲ. ತಂಡ ವಾಪಸ್ ಹೋಗಿ ಮೂರು ನಾಲ್ಕು ತಿಂಗಳಾದ ಮೇಲೆ ಗಾಳಿಯಲ್ಲಿ ಏನಿದೆ ಅನ್ನುವುದರಿಂದ ಗೊತ್ತಾಗುತ್ತದೆ. ಅದೂ ಹವಾಮಾನ ಮಾಡಿದ ಉಪಕಾರವನ್ನು ಲೆಕ್ಕದಿಂದ ಕಳೆದ ಮೇಲೆ.

ಮೊದಲು ದಿನಾಂಕಗಳನ್ನು ಬರೆದುಕೊಳ್ಳಿ

ಎಲ್ಲಾ ತಪಾಸಣೆ ಒಂದೇ ತರಹ ಇರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಮಾಮೂಲಿ ಭೇಟಿ ಬೇರೆ, ದೂರು ಬಂದಾಗ ನಡೆಯುವ ದಿಢೀರ್ ಭೇಟಿ ಬೇರೆ, ಮೇಲಿನ ಸರ್ಕಾರವೇ ತಂಡ ಕಳಿಸಿ ಇಡೀ ಪ್ರಾಂತ್ಯವನ್ನು ಜಾಲಾಡುವುದು ಬೇರೆ. ಈ ಕೊನೆಯದಕ್ಕೆ ಚೀನಾದ ಕೇಂದ್ರ ಪರಿಸರ ತಪಾಸಣೆ ಒಳ್ಳೆಯ ಉದಾಹರಣೆ. 2015ರ ಕೊನೆಗೆ ಹೆಬೈ ಪ್ರಾಂತ್ಯದಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2016 ಮತ್ತು 2017ರಲ್ಲಿ ನಾಲ್ಕು ಕಂತುಗಳಲ್ಲಿ ಉಳಿದ ಪ್ರಾಂತ್ಯಗಳನ್ನೂ ಮುಗಿಸಿದರು. ತಂಡ ಒಂದೊಂದು ಕಡೆ ಸುಮಾರು ಒಂದು ತಿಂಗಳು ಉಳಿಯುತ್ತಿತ್ತು, ಜನರಿಂದ ದೂರು ತೆಗೆದುಕೊಳ್ಳಲು ಫೋನ್ ನಂಬರ್ ಮತ್ತು ಅಂಚೆ ವಿಳಾಸ ಕೊಡುತ್ತಿತ್ತು, ಸ್ಥಳೀಯ ಅಧಿಕಾರಿಗಳನ್ನೇ ಹೊಣೆ ಮಾಡುತ್ತಿತ್ತು. 2018ರಲ್ಲಿ ಮತ್ತೆ ಹೋಗಿ 'ಹೇಳಿದ್ದು ಮಾಡಿದಿರಾ' ಅಂತ ನೋಡುವ ಸುತ್ತು ಶುರುವಾಯಿತು. 2019ರಿಂದ 2022ರವರೆಗೆ ಎರಡನೇ ಸುತ್ತು.

ಇಲ್ಲಿ ನಮಗೆ ಬೇಕಾದ ವಿಷಯ ಒಂದಿದೆ. ಎಲ್ಲಾ ಪ್ರಾಂತ್ಯಕ್ಕೂ ತಂಡ ಒಂದೇ ದಿನ ಹೋಗಲಿಲ್ಲ. ಹಾಗಾಗಿ ತಂಡ ಹೋದ ಕಡೆಯ ಗಾಳಿಯನ್ನು, ಅದೇ ತಿಂಗಳಲ್ಲಿ ತಂಡ ಇನ್ನೂ ಹೋಗದ ಕಡೆಯ ಗಾಳಿಯ ಪಕ್ಕದಲ್ಲಿಟ್ಟು ನೋಡಲು ಸಂಶೋಧಕರಿಗೆ ಅವಕಾಶ ಸಿಕ್ಕಿತು. ನಾವು ಮಾಡಬೇಕಾದ ಲೆಕ್ಕವೂ ಇದೇ.

ನಿಮ್ಮ ನಗರದ ಮಟ್ಟಿಗೆ ಐದು ದಿನಾಂಕ ಹುಡುಕಿ: ತಪಾಸಣೆ ಘೋಷಣೆಯಾದ ದಿನ, ತಂಡ ಬಂದ ದಿನ, ಹೋದ ದಿನ, ಸರಿಪಡಿಸಲು ಕೊಟ್ಟ ಗಡುವು, ಮರುಭೇಟಿ ಇದ್ದರೆ ಅದರ ದಿನ. ಘೋಷಣೆಯ ದಿನವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ತಂಡ ಬರುತ್ತದೆ ಅಂತ ಗೊತ್ತಾದ ಕೂಡಲೇ ಕಾರ್ಖಾನೆಗಳು ಎಚ್ಚೆತ್ತುಕೊಳ್ಳುತ್ತವೆ, ಕೆಲವು ಆ ವಾರವೇ ಉತ್ಪಾದನೆ ಇಳಿಸುತ್ತವೆ. ತಂಡ ಬರುವ ಹಿಂದಿನ ವಾರವನ್ನು 'ಮೊದಲಿನ ಸ್ಥಿತಿ' ಅಂತ ಹಿಡಿದರೆ ನೀವು ಹಿಡಿದದ್ದು ಆಗಲೇ ಅರ್ಧ ತೊಳೆದ ಗಾಳಿ. ಘೋಷಣೆಗಿಂತ ಹಿಂದಿನ ವಾರಗಳನ್ನು ತೆಗೆದುಕೊಳ್ಳಿ.

ಸೂಚ್ಯಂಕ ಬಿಡಿ, ಗಂಟೆ ಗಂಟೆಯ ಅಂಕಿ ಹಿಡಿಯಿರಿ

ವಾಯು ಗುಣಮಟ್ಟ ಸೂಚ್ಯಂಕ, ಎಲ್ಲರೂ ಎಕ್ಯೂಐ ಅನ್ನುತ್ತಾರಲ್ಲ ಅದು, ಹೊರಗೆ ಓಡಾಡಬಹುದಾ ಅಂತ ನೋಡಲು ಚೆನ್ನಾಗಿದೆ. ತಪಾಸಣೆಯ ಫಲ ಅಳೆಯಲು ಅದು ಬೇಡ. ಭಾರತದ ಸೂಚ್ಯಂಕವನ್ನೇ ನೋಡಿ. ಎಂಟು ಮಾಲಿನ್ಯಕಾರಕಗಳಿಗೆ ಒಂದೊಂದು ಉಪಸೂಚ್ಯಂಕ ಲೆಕ್ಕ ಹಾಕಿ, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಜಾಸ್ತಿಯೋ ಅದನ್ನೇ ಆ ದಿನದ ಸೂಚ್ಯಂಕ ಅನ್ನುತ್ತಾರೆ. ಅಂದರೆ ರಸ್ತೆ ಧೂಳಿನಿಂದ ಪಿಎಂ 10 (10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಮೇಲಿದ್ದರೆ, ಬಾಯ್ಲರ್‌ಗಳ ಸಲ್ಫರ್ ಡೈಆಕ್ಸೈಡ್ ಅರ್ಧಕ್ಕೆ ಇಳಿದರೂ ಸೂಚ್ಯಂಕ ಅಲುಗಾಡುವುದಿಲ್ಲ. ಬಣ್ಣಗಳಂತೂ ಇನ್ನೂ ದಾರಿ ತಪ್ಪಿಸುತ್ತವೆ. 201 ಇದ್ದರೂ 299 ಇದ್ದರೂ ಅದು 'ಕಳಪೆ'. ಆದರೆ 305ರಿಂದ 295ಕ್ಕೆ ಬಂದರೆ 'ಅತಿ ಕಳಪೆಯಿಂದ ಕಳಪೆಗೆ ಸುಧಾರಣೆ' ಅಂತ ತಲೆಬರಹ ಬರುತ್ತದೆ.

ಮೂಲ ಅಂಕಿ ತೆಗೆಯಿರಿ. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸ್ವಯಂಚಾಲಿತ ಕೇಂದ್ರಗಳ ಗಂಟೆವಾರು ಮಾಹಿತಿ ಡೌನ್‌ಲೋಡ್ ಮಾಡಬಹುದು. ಬೇರೆ ಬೇರೆ ದೇಶಗಳ ಸರ್ಕಾರಿ ಕೇಂದ್ರಗಳ ಅಂಕಿಯನ್ನು ಓಪನ್‌ಎಕ್ಯೂ ಒಂದೇ ಕಡೆ ಸೇರಿಸಿಟ್ಟಿದೆ. ಪಿಎಂ 2.5 (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು), ಪಿಎಂ 10, ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಓಜೋನ್ ಇಷ್ಟನ್ನು ತೆಗೆದುಕೊಳ್ಳಿ. ಜೊತೆಗೆ ಗಾಳಿಯ ವೇಗ, ಗಾಳಿಯ ದಿಕ್ಕು, ತೇವಾಂಶ, ಮಳೆ. ಈ ನಾಲ್ಕನ್ನು ಬಿಟ್ಟರೆ ಮುಂದಿನ ಲೆಕ್ಕ ಆಗುವುದೇ ಇಲ್ಲ. ಕನಿಷ್ಠ ಮೂರು ವರ್ಷದ್ದು ಇರಲಿ.

'ಮಿತಿಯೊಳಗೆ ಬಂದಿದೆ' ಅಂತ ಯಾರಾದರೂ ಹೇಳಿದರೆ ಯಾರ ಮಿತಿ ಅಂತ ಕೇಳಿ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ. ಭಾರತದ 2009ರ ಮಾನದಂಡದಲ್ಲಿ ಅದು 40, ಚೀನಾದ 2012ರ ಮಾನದಂಡದಲ್ಲಿ 35. ಒಂದೇ ಗಾಳಿ ಒಂದು ಲೆಕ್ಕದಲ್ಲಿ ಪಾಸ್, ಇನ್ನೊಂದರಲ್ಲಿ ಏಳೆಂಟು ಪಟ್ಟು ಜಾಸ್ತಿ.

ಹವಾಮಾನದ ಪಾಲನ್ನು ಕಳೆಯುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಇಲ್ಲಿ ಅವಸರ ಮಾಡಬೇಡಿ.

ಕಾರ್ಖಾನೆ ಉಗುಳುವ ಹೊಗೆ ಒಂದೇ ಪ್ರಮಾಣದಲ್ಲಿದ್ದರೂ ಗಾಳಿಯಲ್ಲಿರುವ ಮಾಲಿನ್ಯ ದಿನದಿಂದ ದಿನಕ್ಕೆ ಎರಡು ಮೂರು ಪಟ್ಟು ಏರಿಳಿಯುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿಯ ಪದರ ಕೂರುತ್ತದೆ, ಹೊಗೆ ಮೇಲೇರಲಾರದೆ ಅಲ್ಲೇ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ಹೊಗೆ ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಹರಡಿ ತೆಳುವಾಗುತ್ತದೆ. ಜೋರು ಗಾಳಿ ಬೀಸಿದರೆ ಹೊಗೆ ಪಕ್ಕದೂರಿನ ಪಾಲು. ಮಳೆ ಬಂದರೆ ದೊಡ್ಡ ಕಣಗಳೆಲ್ಲ ಕೆಳಕ್ಕೆ. ಹಾಗಾಗಿ ಡಿಸೆಂಬರ್‌ನಲ್ಲಿ ತಪಾಸಣೆ ಮಾಡಿ ಏಪ್ರಿಲ್‌ನಲ್ಲಿ 'ಇಳಿದಿದೆ' ಅಂದರೆ ಅದು ಬಹಳ ಕಡೆ ಋತು ಬದಲಾದ ಸುದ್ದಿ ಅಷ್ಟೇ.

ಮೂರು ಹಂತದಲ್ಲಿ ಕಳೆಯಿರಿ.

ಮೊದಲನೆಯದು, ಅದೇ ವಾರಗಳನ್ನು ಹಿಂದಿನ ವರ್ಷಗಳ ಅದೇ ವಾರಗಳ ಜೊತೆ ಹೋಲಿಸಿ. ಒಂದೇ ವರ್ಷ ಸಾಲದು, ಆ ವರ್ಷ ವಿಪರೀತ ಮಳೆಯೋ ಚಳಿಯೋ ಇದ್ದಿರಬಹುದು. ದೊಡ್ಡ ಹಬ್ಬಗಳು, ಸುಗ್ಗಿ ಮುಗಿದ ಮೇಲೆ ಕೂಳೆ ಸುಡುವ ವಾರಗಳು ಎರಡೂ ಕಡೆ ಹೊಂದುತ್ತವಾ ನೋಡಿ, ಹೊಂದದಿದ್ದರೆ ಆ ದಿನಗಳನ್ನು ಬಿಡಿ. ಎಲ್ಲಿ ಬೆಂಕಿ ಇತ್ತು ಅಂತ ನೋಡಲು ನಾಸಾದ ಫರ್ಮ್ಸ್ ನಕ್ಷೆ ಇದೆ, ಉಪಗ್ರಹ ಕಂಡ ಬೆಂಕಿಗಳನ್ನು ದಿನವಾರು ತೋರಿಸುತ್ತದೆ.

ಎರಡನೆಯದು, ತಪಾಸಣೆ ನಡೆಯದ ಒಂದು ನೆರೆಯ ನಗರವನ್ನು ಜೊತೆಗಿಟ್ಟುಕೊಳ್ಳಿ. ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ತಪಾಸಣೆ ನಡೆದ ನಗರದಲ್ಲಿ ಹಿಂದಿನ ಮೂರು ನವೆಂಬರ್‌ಗಳ ಪಿಎಂ 2.5 ಸರಾಸರಿ 81 ಇತ್ತು, ಈ ನವೆಂಬರ್‌ನಲ್ಲಿ 63. ಹದಿನೆಂಟು ಇಳಿದಿದೆ, ಅಂದರೆ ಶೇಕಡಾ 22. ಹೇಳಿಕೆ ಕೊಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ಮುಂದೆ ಹೋಗಿ. ನೆರೆಯ ನಗರಕ್ಕೆ ತಂಡವೇ ಹೋಗಿಲ್ಲ, ಅಲ್ಲೂ 70 ಇದ್ದದ್ದು 58 ಆಗಿದೆ, ಶೇಕಡಾ 17 ಇಳಿಕೆ. ಅಂದರೆ ಆ ವರ್ಷ ಗಾಳಿ ಮಳೆಯೇ ಎಲ್ಲರಿಗೂ ಶೇಕಡಾ 17ರಷ್ಟು ಉಪಕಾರ ಮಾಡಿದೆ. ತಪಾಸಣೆಯ ಪಾಲಿಗೆ ಉಳಿದದ್ದು ಶೇಕಡಾ ಐದು, ಅಂದರೆ ಹದಿನೆಂಟರಲ್ಲಿ ನಾಲ್ಕು ಮೈಕ್ರೋಗ್ರಾಂ. ನಾಲ್ಕೂ ಒಳ್ಳೆಯದೇ, ಆದರೆ ಹೇಳಿಕೆಯಲ್ಲಿದ್ದದ್ದು ಹದಿನೆಂಟು.

ನೆರೆಯ ನಗರ ಆರಿಸುವಾಗ ಸ್ವಲ್ಪ ಜಾಗ್ರತೆ ಬೇಕು. ಹಿಂದಿನ ವರ್ಷಗಳಲ್ಲಿ ಎರಡೂ ಕಡೆಯ ಏರಿಳಿತ ಜೊತೆಜೊತೆಯಾಗಿ ಸಾಗಿರಬೇಕು, ಒಂದು ಗ್ರಾಫ್ ಹಾಕಿದರೆ ತಿಳಿಯುತ್ತದೆ. ತಪಾಸಣೆ ನಡೆದ ಕಡೆಯ ಹೊಗೆ ಬೀಸಿ ಬರುವ ದಿಕ್ಕಿನಲ್ಲೇ ಅದು ಇರಬಾರದು, ಇದ್ದರೆ ಇಲ್ಲಿ ಹೊಗೆ ಕಡಿಮೆಯಾದಾಗ ಅಲ್ಲೂ ಕಡಿಮೆಯಾಗುತ್ತದೆ, ನಿಮ್ಮ ಲೆಕ್ಕದಲ್ಲಿ ತಪಾಸಣೆಗೆ ಅನ್ಯಾಯವಾಗುತ್ತದೆ. ಇಲ್ಲಿ ಬೀಗ ಬಿದ್ದ ಕೆಲಸವನ್ನೆಲ್ಲ ಅಲ್ಲಿಗೆ ಸಾಗಿಸಿದ್ದರೂ ಆಗುವುದಿಲ್ಲ. ಎರಡು ಮೂರು ನಗರ ಇಟ್ಟುಕೊಂಡರೆ ಒಳ್ಳೆಯದು.

ಮೂರನೆಯದು ನನಗೆ ತುಂಬಾ ಇಷ್ಟ, ಯಾಕೆಂದರೆ ನೆರೆಯ ನಗರ ಸಿಗದವರಿಗೂ ಇದು ಆಗುತ್ತದೆ. ನಿಮ್ಮ ಮಾಪನ ಕೇಂದ್ರದಿಂದ ಕೈಗಾರಿಕಾ ಪ್ರದೇಶ ಯಾವ ದಿಕ್ಕಿಗಿದೆ ನಕ್ಷೆಯಲ್ಲಿ ನೋಡಿ. ವಾಯವ್ಯಕ್ಕಿದೆ ಅಂದುಕೊಳ್ಳಿ. ವಾಯವ್ಯದಿಂದ ಗಾಳಿ ಬೀಸಿದ ಗಂಟೆಗಳನ್ನು ಬೇರೆ ಮಾಡಿ, ಉಳಿದ ದಿಕ್ಕುಗಳ ಗಂಟೆಗಳನ್ನು ಬೇರೆ ಮಾಡಿ. ಗಾಳಿ ಬಹುತೇಕ ನಿಂತಿದ್ದ ಗಂಟೆಗಳನ್ನು ತೆಗೆದುಹಾಕಿ, ಆಗ ದಿಕ್ಕಿನ ಅಂಕಿಗೆ ಅರ್ಥವಿಲ್ಲ. ಈಗ ಎರಡೂ ಗುಂಪಿನಲ್ಲಿ ತಪಾಸಣೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ನೋಡಿ. ಕಾರ್ಖಾನೆಗಳ ದಿಕ್ಕಿನಿಂದ ಬಂದ ಗಾಳಿಯಲ್ಲಿ ಮಾತ್ರ ಜಾಸ್ತಿ ಇಳಿದಿದ್ದರೆ ತಪಾಸಣೆ ಏನೋ ಮಾಡಿದೆ. ಎಲ್ಲಾ ದಿಕ್ಕಿನಲ್ಲೂ ಒಂದೇ ಸಮ ಇಳಿದಿದ್ದರೆ ಅದು ಹವಾಮಾನದ ಕೆಲಸ ಇರಬೇಕು.

ಯಾವುದು ಇಳಿಯಿತು ಅಂತ ನೋಡಿ

ಪ್ರತಿ ಮೂಲಕ್ಕೂ ಒಂದು ಗುರುತು ಇರುತ್ತದೆ. ಕಲ್ಲಿದ್ದಲು, ಫರ್ನೇಸ್ ಆಯಿಲ್ ಸುಡುವ ಕಡೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ವಾಹನ ಮತ್ತು ಡೀಸೆಲ್ ಜನರೇಟರ್‌ಗಳಿಂದ ನೈಟ್ರೋಜನ್ ಡೈಆಕ್ಸೈಡ್ ಜಾಸ್ತಿ. ಕಟ್ಟಡ ಕೆಲಸ, ಕಲ್ಲು ಕ್ರಷರ್, ರಸ್ತೆ ಧೂಳು ಅಂದರೆ ಪಿಎಂ 10. ತಪಾಸಣೆ ನಡೆದದ್ದು ಬಾಯ್ಲರ್‌ಗಳ ಮೇಲೆ, ಇಳಿದದ್ದು ಪಿಎಂ 10 ಮಾತ್ರ, ಸಲ್ಫರ್ ಡೈಆಕ್ಸೈಡ್ ಇದ್ದಲ್ಲೇ ಇದೆ ಅಂದರೆ ಅದು ಬಾಯ್ಲರ್ ತಪಾಸಣೆಯ ಫಲ ಅಲ್ಲ. ಮಳೆ ಬಂದಿರಬೇಕು ಅಥವಾ ರಸ್ತೆಗೆ ನೀರು ಹೊಡೆದಿರಬೇಕು.

ಪಿಎಂ 2.5 ವಿಷಯದಲ್ಲಿ ಸ್ವಲ್ಪ ಸಹನೆ ಬೇಕು. ಅದರಲ್ಲಿ ಒಂದು ದೊಡ್ಡ ಭಾಗ ಚಿಮಣಿಯಿಂದ ನೇರ ಬಂದದ್ದಲ್ಲ. ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ಅಮೋನಿಯಾ ಇವೆಲ್ಲ ಗಾಳಿಯಲ್ಲೇ ಸೇರಿ ಕಣವಾಗುತ್ತವೆ, ನೂರಾರು ಕಿಲೋಮೀಟರ್ ದೂರದಿಂದಲೂ ಬರುತ್ತವೆ. ಹಾಗಾಗಿ ತಪಾಸಣೆಯ ಫಲ ಮೊದಲು ಕಾಣುವುದು ಸಲ್ಫರ್ ಡೈಆಕ್ಸೈಡ್‌ನಲ್ಲಿ. ಓಜೋನ್ ಏರಿದ್ದರೆ ಗಾಬರಿ ಬೇಡ, ನಗರಗಳಲ್ಲಿ ನೈಟ್ರೋಜನ್ ಆಕ್ಸೈಡ್ ಇಳಿದಾಗ ಓಜೋನ್ ಮೇಲೇರುವುದುಂಟು, 2020ರ ಲಾಕ್‌ಡೌನ್‌ನಲ್ಲಿ ಹಲವು ನಗರಗಳಲ್ಲಿ ಹೀಗೇ ಆಗಿತ್ತು.

ಅಳೆಯುವ ಯಂತ್ರವನ್ನೂ ಅಳೆಯಿರಿ

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇರುತ್ತಾರೆ. 2016ರಲ್ಲಿ ಚೀನಾದ ಶಿಆನ್ ನಗರದಲ್ಲಿ ಸ್ಥಳೀಯ ಪರಿಸರ ಇಲಾಖೆಯವರೇ ಮಾಪನ ಕೇಂದ್ರದ ಬೀಗದ ಕೈ ನಕಲು ಮಾಡಿಸಿಕೊಂಡು ಒಳಗೆ ಹೋಗಿ, ಯಂತ್ರ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಹತ್ತಿ ಬಟ್ಟೆ ತುರುಕಿದ್ದರು. ಯಂತ್ರ ಆ ಬಟ್ಟೆಯಲ್ಲಿ ಸೋಸಿದ ಗಾಳಿಯನ್ನು ಅಳೆದು ನಗರದ ಗಾಳಿ ಚೆನ್ನಾಗಿದೆ ಅನ್ನುತ್ತಿತ್ತು. 2017ರಲ್ಲಿ ಕೋರ್ಟ್ ಅವರಿಗೆ ಜೈಲು ಶಿಕ್ಷೆ ಕೊಟ್ಟಿತು. ಲಿನ್‌ಫೆನ್ ನಗರದಲ್ಲೂ ಆರು ಕೇಂದ್ರಗಳಲ್ಲಿ ಕೈಯಾಡಿಸಿದ್ದು ಸಿಕ್ಕಿಬಿದ್ದು, 2018ರಲ್ಲಿ 16 ಜನರಿಗೆ ಶಿಕ್ಷೆಯಾಯಿತು.

ಇಷ್ಟು ರಾಜಾರೋಷವಾಗಿ ಮಾಡದಿದ್ದರೂ ಸಣ್ಣ ಚಮತ್ಕಾರಗಳು ನಡೆಯುತ್ತವೆ. ನಿಮ್ಮ ಹಾಳೆಯಲ್ಲಿ ಇವನ್ನು ಹುಡುಕಿ. ಒಂದೇ ಅಂಕಿ ಎಷ್ಟೋ ಗಂಟೆ ಹಾಗೇ ನಿಂತಿದೆಯಾ? ಪಿಎಂ 2.5 ಪಿಎಂ 10ಕ್ಕಿಂತ ಜಾಸ್ತಿ ತೋರಿಸುತ್ತಿದೆಯಾ? ಹಾಗಾಗಲು ಸಾಧ್ಯವೇ ಇಲ್ಲ, ಪಿಎಂ 10ರ ಒಳಗೇ ಪಿಎಂ 2.5 ಇದೆ. ಖಾಲಿ ಗಂಟೆಗಳು ಎಲ್ಲಿವೆ? ಸುಮ್ನೆ ಅಲ್ಲಲ್ಲಿ ಚದುರಿದ್ದರೆ ಕರೆಂಟ್ ಹೋಗಿರಬಹುದು, ಆದರೆ ಮಾಲಿನ್ಯ ಏರುವ ಗಂಟೆಗಳಲ್ಲೇ ಯಂತ್ರ 'ದುರಸ್ತಿಯಲ್ಲಿದೆ' ಅಂದರೆ ಪ್ರಶ್ನೆ ಕೇಳಬೇಕು. ದಿನದ ಸರಾಸರಿಗಳನ್ನು ಸಾಲಾಗಿ ಜೋಡಿಸಿ. ಮಿತಿ 60 ಇದ್ದು, 57, 58, 59ರಲ್ಲಿ ದಿನಗಳು ಗುಂಪುಗೂಡಿ 61, 62ರಲ್ಲಿ ಒಂದೂ ಇಲ್ಲದಿದ್ದರೆ ಅದು ಗಾಳಿಯ ಸ್ವಭಾವ ಅಲ್ಲ. ಚೀನಾದ ಹಳೆಯ ಸೂಚ್ಯಂಕದಲ್ಲಿ 100ರ ಒಳಗಿದ್ದರೆ 'ನೀಲಿ ಆಕಾಶದ ದಿನ' ಎಂದು ಎಣಿಕೆಯಾಗುತ್ತಿತ್ತು. ಸಂಶೋಧಕರು ನೋಡಿದರೆ 100ಕ್ಕೆ ಸ್ವಲ್ಪ ಕೆಳಗೆ ದಿನಗಳ ರಾಶಿ! ಆಮೇಲೆ ಅಂಕಿಯನ್ನು ನೇರವಾಗಿ ಕೇಂದ್ರ ಸರ್ಕಾರಕ್ಕೆ ಕಳಿಸುವ ಸ್ವಯಂಚಾಲಿತ ಯಂತ್ರಗಳು ಬಂದಾಗ ವರದಿಯಾದ ಪಿಎಂ 10 ಸುಮಾರು ಶೇಕಡಾ 35 ಏರಿತು ಅಂತ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಗಾಳಿ ಹೊಸದಾಗಿ ಕೆಟ್ಟಿರಲಿಲ್ಲ, ವರದಿ ನಿಜ ಹೇಳಲು ಶುರುಮಾಡಿತ್ತು.

ಇದು ಒಂದೇ ದೇಶದ ಕಥೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕೆಲವು ಕೇಂದ್ರಗಳು ಆರು ದಿನಕ್ಕೊಮ್ಮೆ ಮಾತ್ರ ಅಳೆಯುತ್ತವೆ, ಯಾವ ದಿನ ಅನ್ನುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಉಪಗ್ರಹದ ಅಂಕಿ ಇಟ್ಟು ನೋಡಿದಾಗ ಅಳೆಯುವ ದಿನ ಆ ಜಾಗಗಳ ಗಾಳಿ ಉಳಿದ ದಿನಗಳಿಗಿಂತ ಶೇಕಡಾ 1.6 ಶುದ್ಧವಾಗಿತ್ತು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸಣ್ಣ ವ್ಯತ್ಯಾಸವೇ, ಆದರೆ ದಿನ ಮೊದಲೇ ತಿಳಿದರೆ ಏನಾಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ಸಾಧ್ಯವಾದರೆ ಒಮ್ಮೆ ಕೇಂದ್ರದ ಹತ್ತಿರ ಹೋಗಿ ನಿಂತು ನೋಡಿ. ನೀರಿನ ಲಾರಿ ಅದರ ಸುತ್ತಲೇ ಸುತ್ತುತ್ತಿದೆಯಾ, ಮರದ ಕೊಂಬೆ ಕೊಳವೆಗೆ ಅಡ್ಡ ಬಂದಿದೆಯಾ? ನೀರು ಹೊಡೆದರೆ ಪಿಎಂ 10 ಇಳಿಯುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಇಳಿಯುವುದಿಲ್ಲ, ಹಾಳೆಯಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮದೇ ಕಡಿಮೆ ಬೆಲೆಯ ಸೆನ್ಸರ್ ಇದ್ದರೆ ಅದನ್ನೂ ಜೊತೆಗಿಡಿ, ಆದರೆ ತೇವಾಂಶ ಜಾಸ್ತಿ ಇರುವ ಗಂಟೆಗಳಲ್ಲಿ ಅದು ಇಲ್ಲದ ಧೂಳನ್ನೂ ತೋರಿಸುತ್ತದೆ. 2017ರ ಅಕ್ಟೋಬರ್‌ನಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹ ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್ ಎರಡನ್ನೂ ನೋಡುತ್ತದೆ. ಅದು ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ರಾತ್ರಿಯ ಹೊಗೆ ಅದಕ್ಕೆ ಕಾಣುವುದಿಲ್ಲ.

ರಾತ್ರಿಯ ಲೆಕ್ಕ ನೀವೇ ಹಾಕಬೇಕು. ದಿನದ ಪ್ರತಿ ಗಂಟೆಗೂ ತಿಂಗಳ ಸರಾಸರಿ ತೆಗೆದು ಒಂದು ಗೆರೆ ಎಳೆಯಿರಿ, ತಪಾಸಣೆಗೆ ಮುಂಚಿನದೊಂದು, ಆಮೇಲಿನದೊಂದು. ಹಗಲು ಇಳಿದು, ರಾತ್ರಿ ಒಂದರಿಂದ ನಾಲ್ಕರವರೆಗಿನ ಸಲ್ಫರ್ ಡೈಆಕ್ಸೈಡ್ ಮಾತ್ರ ಇದ್ದ ಹಾಗೇ ಇದ್ದರೆ, ಯಾರೋ ಕತ್ತಲಾದ ಮೇಲೆ ಶುದ್ಧೀಕರಣ ಯಂತ್ರ ಆರಿಸುತ್ತಿದ್ದಾರೆ ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ರಾತ್ರಿಯನ್ನು ರಾತ್ರಿಯ ಜೊತೆಗೇ ಹೋಲಿಸಿ, ಹಗಲಿನ ಜೊತೆ ಅಲ್ಲ.

ತಂಡ ಹೋದ ಮೇಲೆ

2014ರ ನವೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಎಪೆಕ್ (ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಕೂಟ) ಶೃಂಗಸಭೆ ನಡೆಯಿತು. ಸುತ್ತಲಿನ ಪ್ರಾಂತ್ಯಗಳ ಕಾರ್ಖಾನೆಗಳನ್ನು ನಿಲ್ಲಿಸಿದರು, ವಾಹನಗಳಿಗೆ ಸಮ ಬೆಸ ನಿಯಮ ಹಾಕಿದರು, ಆಕಾಶ ನೀಲಿಯಾಯಿತು. ಜನ ಅದಕ್ಕೆ 'ಎಪೆಕ್ ನೀಲಿ' ಅಂತಲೇ ಹೆಸರಿಟ್ಟರು. ಸಭೆ ಮುಗಿದ ಮೇಲೆ ಹೊಗೆ ಯಥಾಪ್ರಕಾರ ವಾಪಸ್. 2008ರ ಒಲಿಂಪಿಕ್ಸ್ ನಂತರವೂ ಹೀಗೇ ಆಗಿತ್ತು. ಅದೇ ನಗರ 2013ರಲ್ಲಿ 89.5 ಇದ್ದ ವಾರ್ಷಿಕ ಪಿಎಂ 2.5 ಅನ್ನು 2017ಕ್ಕೆ 58ಕ್ಕೆ ಇಳಿಸಿತು, ಅದು ನಿಂತ ಇಳಿಕೆ. ಕಲ್ಲಿದ್ದಲು ಬಾಯ್ಲರ್‌ಗಳನ್ನೇ ತೆಗೆದು ಗ್ಯಾಸ್ ಹಾಕಿದ್ದರು, ಹಳೇ ಘಟಕಗಳನ್ನು ಮುಚ್ಚಿದ್ದರು. 2017ರ ಚಳಿಗಾಲದ ಹವಾಮಾನವೂ ಕೈ ಹಿಡಿದಿತ್ತು ಅನ್ನುವುದನ್ನು ಮರೆಯಬಾರದು.

ಹಾಗಾಗಿ ನಿಮ್ಮ ಲೆಕ್ಕವನ್ನು ಮೂರು ಕಾಲಕ್ಕೆ ಬೇರೆ ಬೇರೆ ಮಾಡಿ: ತಂಡ ಇದ್ದಾಗ, ಹೋದ ಮೇಲಿನ ಮೂರು ನಾಲ್ಕು ತಿಂಗಳು, ಮುಂದಿನ ವರ್ಷದ ಅದೇ ವಾರಗಳು. ನೆರೆಯ ನಗರದ ಪಾಲು ಕಳೆದು, ತಂಡ ಇದ್ದಾಗ 10 ಮೈಕ್ರೋಗ್ರಾಂ ಇಳಿದಿತ್ತು, ನಾಲ್ಕನೇ ತಿಂಗಳಿಗೆ 2 ಮಾತ್ರ ಉಳಿದಿದೆ ಅಂದರೆ ಐದರಲ್ಲಿ ಒಂದು ಪಾಲು ನಿಂತಿದೆ. ಕೆಲವೊಮ್ಮೆ ತಂಡ ಹೋದ ಕೂಡಲೇ ಮೊದಲಿಗಿಂತಲೂ ಮೇಲೇರುತ್ತದೆ, ನಿಂತಿದ್ದ ಉತ್ಪಾದನೆಯನ್ನು ಸರಿದೂಗಿಸಲು ಹಗಲೂ ರಾತ್ರಿ ಓಡಿಸುತ್ತಾರೆ.

ಇದಕ್ಕೇ ಸಾರಾಸಗಟು ಬೀಗ ಹಾಕುವ ತಪಾಸಣೆ ನನಗೆ ಇಷ್ಟ ಆಗುವುದಿಲ್ಲ. ನಿಯಮ ಪಾಲಿಸಿದವನಿಗೂ ಬೀಗ, ಪಾಲಿಸದವನಿಗೂ ಬೀಗ ಅಂದರೆ ಯಂತ್ರಕ್ಕೆ ದುಡ್ಡು ಹಾಕಿದವನು ಯಾಕೆ ಹಾಕಿದೆ ಅಂದುಕೊಳ್ಳುತ್ತಾನೆ. ಕೂಲಿ ಹೋಗುವುದು ಕೆಲಸಗಾರರದು. ಚೀನಾದ ಪರಿಸರ ಸಚಿವಾಲಯವೇ 2018ರ ಮೇ ತಿಂಗಳಲ್ಲಿ, ತಪಾಸಣೆಗೆ ಹೆದರಿ ಎಲ್ಲವನ್ನೂ ಒಟ್ಟಿಗೇ ಮುಚ್ಚುವುದನ್ನು ನಿಲ್ಲಿಸಿ ಅಂತ ಸ್ಥಳೀಯ ಆಡಳಿತಗಳಿಗೆ ಹೇಳಬೇಕಾಯಿತು.

ತಪಾಸಣೆ ವರದಿ ಓದುವುದು

ಭಾರತದಲ್ಲಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ವರದಿ ಕೇಳಬಹುದು, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅಳೆದವರನ್ನು ಆರಿಸಿದ್ದು ಯಾರು, ದುಡ್ಡು ಕೊಟ್ಟಿದ್ದು ಯಾರು ಅನ್ನುವುದು. ಗುಜರಾತಿನಲ್ಲಿ ಇದರ ಮೇಲೆ ಒಂದು ದೊಡ್ಡ ಪ್ರಯೋಗವೇ ನಡೆಯಿತು, 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಮಾಲಿನ್ಯ ಅಳೆದು ವರದಿ ಕೊಡುವ ಆಡಿಟರ್‌ನನ್ನು ಕಾರ್ಖಾನೆಯೇ ಆರಿಸಿ ದುಡ್ಡು ಕೊಡುವ ಪದ್ಧತಿ ಇತ್ತು. ಚಿಮಣಿಯ ಕಣಗಳ ಮಿತಿ ಘನ ಮೀಟರ್‌ಗೆ 150 ಮಿಲಿಗ್ರಾಂ. ಆಡಿಟರ್‌ಗಳ ವರದಿಗಳಲ್ಲಿ ಅಂಕಿಗಳೆಲ್ಲ 150ಕ್ಕೆ ಸ್ವಲ್ಪ ಕೆಳಗೆ ಸಾಲುಗಟ್ಟಿ ಕೂತಿದ್ದವು. ಅವರ ಪ್ರಕಾರ ಮಿತಿ ಮೀರಿದ್ದು ಶೇಕಡಾ 7. ಸ್ವತಂತ್ರ ತಂಡ ಹೋಗಿ ಮತ್ತೆ ಅಳೆದಾಗ ಶೇಕಡಾ 59! ಆಮೇಲೆ ಒಂದು ಗುಂಪಿನ ಕಾರ್ಖಾನೆಗಳಿಗೆ ನಿಯಮ ಬದಲಿಸಿದರು. ಯಾರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಚೀಟಿ ಎತ್ತಿದಂತೆ ನಿಗದಿ ಮಾಡಿದರು, ದುಡ್ಡು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು, ಕೆಲವು ಅಳತೆಗಳನ್ನು ಮತ್ತೆ ಅಳೆದು ತಾಳೆ ನೋಡಿದರು. ಆಡಿಟರ್‌ಗಳು ನಿಜ ಬರೆಯಲು ಶುರು ಮಾಡಿದರು, ಕಾರ್ಖಾನೆಗಳೂ ಹೊಗೆ ಇಳಿಸಿದವು.

ಅದೇ ಸಂಶೋಧಕರು ಗುಜರಾತಿನಲ್ಲೇ ತಪಾಸಣೆಯ ಸಂಖ್ಯೆಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಯೂ ನೋಡಿದರು. ಸರಾಸರಿ ಹೊಗೆ ಹೆಚ್ಚೇನೂ ಇಳಿಯಲಿಲ್ಲ. ಹೊಸದಾಗಿ ಸೇರಿಸಿದ ಭೇಟಿಗಳು ಯಾರ್ಯಾರ ಬಾಗಿಲಿಗೋ ಹೋದವು, ಅತಿ ಹೆಚ್ಚು ಹೊಗೆ ಬಿಡುವವರ ಬಾಗಿಲಿಗೇ ಹೋಗಲಿಲ್ಲ. 'ಈ ವರ್ಷ ಎರಡು ಪಟ್ಟು ತಪಾಸಣೆ ಮಾಡಿದ್ದೇವೆ' ಅನ್ನುವ ಮಾತು ಕೇಳಿದಾಗ ಇದನ್ನು ನೆನಪಿಡಿ. ಸೂರತ್‌ನಲ್ಲಿ 2019ರಿಂದ ಬೇರೆ ದಾರಿ ಹಿಡಿದರು. ಚಿಮಣಿಗೆ ಸದಾ ಅಳೆಯುವ ಯಂತ್ರ ಹಾಕಿ, ಒಟ್ಟು ಎಷ್ಟು ಕಣ ಬಿಡಬಹುದು ಅಂತ ಮಿತಿ ಹಾಕಿ, ಪರವಾನಗಿಗಳನ್ನು ಕಾರ್ಖಾನೆಗಳು ತಮ್ಮೊಳಗೆ ಕೊಟ್ಟು ಕೊಳ್ಳುವಂತೆ ಮಾಡಿದರು. ಕಣಗಳ ಹೊಗೆ ಶೇಕಡಾ 20ರಿಂದ 30 ಇಳಿಯಿತು.

ಇನ್ನು ವರದಿಯ ಒಂದು ಸಾಲು ತೆಗೆದುಕೊಳ್ಳೋಣ: 'ಘಟಕದಲ್ಲಿ ಬ್ಯಾಗ್ ಫಿಲ್ಟರ್ ಅಳವಡಿಸಲಾಗಿದೆ.' ಅಳವಡಿಸಿದ್ದಾರೆ ಸರಿ, ಓಡುತ್ತಿದೆಯಾ? ಬ್ಯಾಗ್ ಫಿಲ್ಟರ್ ಅಂದರೆ ದೊಡ್ಡ ಪೆಟ್ಟಿಗೆಯೊಳಗೆ ಸಾಲಾಗಿ ನೇತುಹಾಕಿದ ಬಟ್ಟೆ ಚೀಲಗಳು, ಹೊಗೆ ಅವುಗಳ ಮೂಲಕ ಹಾದಾಗ ಧೂಳು ಚೀಲಕ್ಕೆ ಅಂಟಿ ಆಮೇಲೆ ಕೆಳಗಿನ ಹಾಪರ್‌ಗೆ, ಅಂದರೆ ಧೂಳು ಶೇಖರವಾಗುವ ತೊಟ್ಟಿಗೆ, ಬೀಳುತ್ತದೆ. ಓಡುವ ಫಿಲ್ಟರ್‌ನ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸ ಇರಲೇಬೇಕು, ಅದನ್ನು ತೋರಿಸುವ ಒಂದು ಪುಟ್ಟ ಗೇಜ್ ಪಕ್ಕದಲ್ಲೇ ಇರುತ್ತದೆ. ಮುಳ್ಳು ಸೊನ್ನೆಯ ಹತ್ತಿರ ಇದ್ದರೆ ಫ್ಯಾನ್ ನಿಂತಿದೆ, ಇಲ್ಲವೇ ಚೀಲ ಹರಿದಿದೆ, ಇಲ್ಲವೇ ಗೇಜ್ ಕೆಟ್ಟಿದೆ. ಹಾಪರ್‌ನ ಧೂಳು ಎಲ್ಲಿಗೆ ಹೋಯಿತು ಅನ್ನುವುದಕ್ಕೂ ದಾಖಲೆ ಇರಬೇಕು. ಆರು ತಿಂಗಳು ಓಡಿದ ಫಿಲ್ಟರ್ ಒಂದು ಲಾರಿ ಧೂಳನ್ನೂ ಹೊರಗೆ ಹಾಕಿಲ್ಲ ಅಂದರೆ ಆ ಧೂಳು ಆಕಾಶಕ್ಕೇ ಹೋಗಿದೆ. ಮಾಲಿನ್ಯ ನಿಯಂತ್ರಣ ಯಂತ್ರಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದರೆ ಅದರ ಓದುವಿಕೆ ಇನ್ನೂ ಒಳ್ಳೆಯ ಸಾಕ್ಷಿ. ಗೇಜ್ ಅಂಕಿ, ಹಾಪರ್ ದಾಖಲೆ, ಮೀಟರ್ ಇವು ಮೂರೂ ಇಲ್ಲದ ವರದಿ ಕಾಟಾಚಾರದ್ದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಚಿಮಣಿ ಅಳತೆಯ ಪಕ್ಕದಲ್ಲಿ ಆ ದಿನ ಘಟಕ ಎಷ್ಟು ಸಾಮರ್ಥ್ಯದಲ್ಲಿ ಓಡುತ್ತಿತ್ತು ಅನ್ನುವುದು ಬರೆದಿದೆಯಾ ನೋಡಿ. ಅರ್ಧ ಉರಿಸಿದ ಬಾಯ್ಲರ್‌ನಿಂದ ಪೂರ್ತಿ ಉರಿದಾಗಿನ ಹೊಗೆ ತಿಳಿಯುವುದಿಲ್ಲ.

ಕೇಳಬೇಕಾದ್ದನ್ನು ಬರೆದು ಕೇಳಿ

ಲೆಕ್ಕ ಮುಗಿದ ಮೇಲೆ ಅದನ್ನು ಅರ್ಧ ಪುಟಕ್ಕೆ ಇಳಿಸಿ ಮಂಡಳಿಗೆ, ನಗರಸಭೆಗೆ, ವಾರ್ಡಿನ ಪ್ರತಿನಿಧಿಗೆ ಕಳಿಸಿ. ಆರೋಪದ ದನಿ ಬೇಡ. ಶೇಕಡಾ ಐದು ವ್ಯತ್ಯಾಸ ಹಿಡಿದು 'ತಪಾಸಣೆ ವಿಫಲ' ಅನ್ನುವುದೂ ತಪ್ಪು, ಇಷ್ಟು ಸಣ್ಣ ವ್ಯತ್ಯಾಸ ಎಷ್ಟೋ ಸಲ ಆಕಸ್ಮಿಕವಾಗಿಯೂ ಬರುತ್ತದೆ. ಹಿಂದಿನ ವರ್ಷಗಳಲ್ಲಿ ತಪಾಸಣೆಯೇ ಇಲ್ಲದ ತಿಂಗಳುಗಳಿಗೂ ಇದೇ ಲೆಕ್ಕ ಹಾಕಿ ನೋಡಿ, ಅಲ್ಲೂ ಐದಾರು ಬರುತ್ತಿದ್ದರೆ ನಿಮ್ಮ ಐದಕ್ಕೆ ತೂಕವಿಲ್ಲ. ಹದಿನೈದು ಬಂದಿದ್ದರೆ ಮಾತ್ರ ಗಟ್ಟಿಯಾಗಿ ಹೇಳಿ. ಒಳ್ಳೆಯ ಫಲ ಬಂದಿದ್ದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಬರೆಯಿರಿ, ಕೆಲಸ ಮಾಡಿದ ಇನ್‌ಸ್ಪೆಕ್ಟರ್‌ಗೆ ಅದು ಬಲ ಕೊಡುತ್ತದೆ.

ಪತ್ರದಲ್ಲಿ ಉತ್ತರಿಸಲೇಬೇಕಾದ ಪ್ರಶ್ನೆ ಹಾಕಿ. 'ಗಾಳಿ ಶುದ್ಧ ಮಾಡಿ' ಅಂದರೆ 'ಕ್ರಮ ಕೈಗೊಳ್ಳಲಾಗುವುದು' ಅಂತ ಒಂದು ಸಾಲು ಬಂದು ಮುಗಿಯುತ್ತದೆ. ಬದಲಿಗೆ ಹೀಗೆ ಕೇಳಿ: ವಾಯವ್ಯ ದಿಕ್ಕಿನಿಂದ ಗಾಳಿ ಬೀಸಿದ ರಾತ್ರಿಗಳಲ್ಲಿ ಸಲ್ಫರ್ ಡೈಆಕ್ಸೈಡ್ ತಪಾಸಣೆಗೆ ಮುಂಚಿನ ಮಟ್ಟದಲ್ಲೇ ಇದೆ, ಆ ದಿಕ್ಕಿನ ಘಟಕಗಳಿಗೆ ರಾತ್ರಿ ಹತ್ತರ ನಂತರ ಎಷ್ಟು ಬಾರಿ ಭೇಟಿ ಕೊಟ್ಟಿದ್ದೀರಿ, ಯಾವ ದಿನಾಂಕಗಳಂದು, ಗೇಜ್ ಎಷ್ಟು ತೋರಿಸಿತು? ಗಡುವಿನ ಮರುದಿನಕ್ಕೆ ಒಂದು ನೆನಪು ಹಾಕಿಟ್ಟುಕೊಂಡು, ಅದೇ ಹಾಳೆಗೆ ಹೊಸ ತಿಂಗಳುಗಳ ಅಂಕಿ ಸೇರಿಸಿ, ಅದೇ ಪ್ರಶ್ನೆಯನ್ನು ಹಿಂದಿನ ಪತ್ರದ ಸಂಖ್ಯೆ ನಮೂದಿಸಿ ಮತ್ತೊಮ್ಮೆ ಕಳಿಸಿ.